ಸೇನೆ ಬಿಟ್ಟ ಮೇಲೆ ಗೃಹಸಾಲ

ಭಾರತೀಯ ಸೇನೆಯಲ್ಲಿ 15 ವರ್ಷ ಸೇವೆ ಪೂರೈಸಿದ ಸಿಪಾಯಿ ಪಿಂಚಣಿಗೆ ಅರ್ಹ. ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುವುದರಿಂದ ಗೃಹಸಾಲ ತೀರಿಸಲು ಸಾಕಷ್ಟು ಕಾಲವಿರುತ್ತದೆ. ಬ್ಯಾಂಕು ಕೇಳುವುದು ಪಿಂಚಣಿ ಆದೇಶಪತ್ರ, ಡಿಸ್ಚಾರ್ಜ್ ಬುಕ್, ಪಿಂಚಣಿ ಜಮೆಯಾಗುವ ಖಾತೆಯ ವಿವರ.

ನಿಜವಾದ ಎಚ್ಚರ ಬೇಕಾದದ್ದು ಕಮ್ಯುಟೇಷನ್‌ನಲ್ಲಿ. ಮೂಲ ಪಿಂಚಣಿಯ ಅರ್ಧದವರೆಗೆ ಬಿಟ್ಟುಕೊಟ್ಟು ಇಡುಗಂಟು ಪಡೆಯಬಹುದು. ಮನೆಯ ಮುಂಗಡಕ್ಕೆ ಅದು ಒದಗುತ್ತದೆ. ಆದರೆ ಬಿಟ್ಟ ಪಾಲು ಮರಳುವುದು 15 ವರ್ಷಗಳ ಬಳಿಕ. ಅಲ್ಲಿಯವರೆಗೆ ತಿಂಗಳ ಪಿಂಚಣಿ ಇಳಿದಿರುತ್ತದೆ, ಅದನ್ನೇ ಆಧರಿಸಿದ ಸಾಲದ ಮೊತ್ತವೂ ಇಳಿಯುತ್ತದೆ. ಮಕ್ಕಳ ಓದು ಇನ್ನೂ ಮುಗಿಯದ ಮನೆಗೆ ಇದು ಸಣ್ಣ ವಿಷಯವಲ್ಲ.

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಆಸ್ತಿ ಮೌಲ್ಯದ ಶೇ 90ನ್ನು ಮೀರುವಂತಿಲ್ಲ. ಉಳಿದದ್ದು ಕೈಯಿಂದಲೇ. ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರರಿಗೆ ಪಿಂಚಣಿಯಿಲ್ಲ. ಅವರ ಸಾಲ ಹೊಸ ಉದ್ಯೋಗದ ಸಂಬಳವನ್ನೇ ನೆಚ್ಚಿರುತ್ತದೆ.