ಕುದಿಸಿದರೂ ಹೋಗದ ಫ್ಲೋರೈಡ್

ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಗೌರವಿಸುವ ನಾವು, ನಿತ್ಯ ಕುಡಿಯುವ ನೀರಿನಲ್ಲಿ ಏನು ಕರಗಿದೆಯೆಂದು ವಿಚಾರಿಸುವುದು ಅಪರೂಪ. ದೇಹದ ನೀರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳು ಅಯಾನುಗಳಾಗಿ ಕರಗಿದ್ದು ನರ, ಸ್ನಾಯು, ಹೃದಯಗಳನ್ನು ನಡೆಸುತ್ತವೆ. ಅದೇ ನೀರು ಕೇಡಿನ ಅಯಾನನ್ನೂ ಹೊತ್ತು ತರಬಲ್ಲದು.

ತರೀಕೆರೆಯ ಪಡುವಲಿಗೆ, ಲಕ್ಕವಳ್ಳಿಯಲ್ಲಿ, ಭದ್ರೆ ತುಂಬಿ ನಿಂತಿದ್ದಾಳೆ. ಕಡೂರು, ಅಜ್ಜಂಪುರಗಳ ಬಯಲುಸೀಮೆಯ ಹಲವೆಡೆ ಮಾತ್ರ ಕೊಳವೆಬಾವಿಯೇ ಆಸರೆ. ಬಂಡೆಯ ಆಳದಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕಡೂರು ಭಾಗದ ಕೆಲವೆಡೆ ಇದು ಮಿತಿಮೀರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿಲ್ಲದೆಡೆ 1.5.

ಅಲ್ಪ ಫ್ಲೋರೈಡ್ ಹಲ್ಲಿಗೆ ಹಿತವೇ. ಹೆಚ್ಚಾದರೆ, ಸುಮಾರು 8 ವರ್ಷದೊಳಗೆ ರೂಪುಗೊಳ್ಳುವ ಹಲ್ಲಿನ ಹೊರಪದರದಲ್ಲಿ ಸುಣ್ಣದಂಥ ಮಚ್ಚೆ, ಕಂದು ಕಲೆಗಳು ಉಳಿಯುತ್ತವೆ. ಉಜ್ಜಿದರೆ ಹೋಗುವ ಕಲೆಗಳಲ್ಲ ಇವು. ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನುಮೂಳೆಗಳು ಬಿಗಿಯುತ್ತವೆ.

ಹಲವರು ನೀರನ್ನು ಕುದಿಸಿ ನಿಶ್ಚಿಂತರಾಗುತ್ತಾರೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ ನಿಜ, ಆದರೆ ಫ್ಲೋರೈಡ್ ಆವಿಯಾಗದು. ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಫಲವಿಲ್ಲ. ಆದ್ದರಿಂದ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಮಿತಿ ಮೀರಿದ್ದರೆ ಅದು ಸ್ನಾನಕ್ಕೆ, ಬಟ್ಟೆಗೆ ಇರಲಿ; ಕುಡಿಯಲು, ಅಡುಗೆಗೆ ಶುಚಿಯಾದ ಮಾಳಿಗೆಯಿಂದ ಹಿಡಿದು ಸೋಸಿ ಕುದಿಸಿದ ಮಳೆನೀರನ್ನೋ ಆರ್‌ಓ ಘಟಕದ ನೀರನ್ನೋ ಬಳಸುವುದು ಲೇಸು. ರಾಗಿ, ಹಾಲು, ಮಜ್ಜಿಗೆಗಳ ಕ್ಯಾಲ್ಸಿಯಂ ಕರುಳಿನಲ್ಲಿ ಸ್ವಲ್ಪ ಫ್ಲೋರೈಡನ್ನು ಹಿಡಿದಿಡುತ್ತದೆ, ಆದರೆ ಶುದ್ಧ ನೀರಿಗೆ ಅವು ಬದಲಿಯಲ್ಲ. ಅಂಥ ನೀರು ಒಂದೇ ಕೊಡ ದೊರೆತರೆ ಅದು ಮೊದಲು ಮಕ್ಕಳಿಗೆ ಸಲ್ಲಲಿ.