ಒಗ್ಯಾಣದಲ್ಲಿಯೂ ಅಹಿಂಸೆ: ಮನೆಯಲ್ಲಿಯೇ ಮಾಡಿಕೊಳ್ಳುವ ಶುದ್ಧಿಯ ಸಾಮಾನುಗಳು

ಶ್ರಾವಕನ ಮನೆಯಲ್ಲಿ ಅಡಿಗೆಯ ಶುದ್ಧಿಗೆ ಎಷ್ಟು ಲಕ್ಷ್ಯ ಕೊಡುತ್ತೇವೆಯೋ ಬಚ್ಚಲಿನ ಶುದ್ಧಿಗೆ ಅಷ್ಟು ಕೊಡುವುದಿಲ್ಲ. ನೀರು ಗಾಳಿಸುತ್ತೇವೆ, ಹಿಟ್ಟು ಸಾಣಿಸುತ್ತೇವೆ, ಕಾಯಿಪಲ್ಲೆಯನ್ನು ಎಲೆ ಎಲೆಯಾಗಿ ಬಿಡಿಸಿ ನೋಡುತ್ತೇವೆ. ಆದರೆ ಅದೇ ಮನೆಯಲ್ಲಿ ಪಾತ್ರೆ ತಿಕ್ಕುವ ಪುಡಿ, ಬಟ್ಟೆ ಒಗೆಯುವ ಸಾಬೂನು, ನೆಲ ಒರೆಸುವ ಫಿನಾಯಿಲು ಯಾವುದರಿಂದ ಆಗಿದೆ, ಅದರ ನೀರು ಹರಿದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪದು, ನಿಜ. ತಪ್ಪದು ಎಂದ ಮೇಲೆ ಎಚ್ಚರ ಬಿಡಬೇಕು ಎಂದಲ್ಲ, ಯತ್ನಾಚಾರದಿಂದ ಅದನ್ನು ಕಡಿಮೆ ಮಾಡಬೇಕು ಎಂದು ಅರ್ಥ. ಈ ಲೇಖನ ಆ ಎಚ್ಚರದ ಬಗ್ಗೆ.

ಸಾಬೂನಿನಲ್ಲಿ ಏನಿದೆ?

ಸಾಬೂನು ಎಂದರೆ ಎಣ್ಣೆ ಅಥವಾ ಕೊಬ್ಬು ಕ್ಷಾರದೊಡನೆ ಕೂಡಿ ಆದ ಪದಾರ್ಥ. ಎಣ್ಣೆಯು ತೆಂಗಿನದೋ ತಾಳೆಯದೋ ಆಗಿರಬಹುದು. ಪ್ರಾಣಿಯ ಕೊಬ್ಬೂ ಆಗಿರಬಹುದು. 1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತ ಸುದ್ದಿ ದೇಶದ ತುಂಬ ಗದ್ದಲ ಎಬ್ಬಿಸಿದ್ದು ನಮ್ಮ ವಯಸ್ಸಿನ ವ್ಯಾಪಾರಸ್ಥರಿಗೆಲ್ಲ ನೆನಪಿದೆ. ಅಂದು ಗಿರಾಕಿಗಳು ಡಬ್ಬಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಸಾಬೂನಿನ ಮಟ್ಟಿಗೆ ಆ ರೂಢಿ ಇಂದಿಗೂ ಬೇಕು.

ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ‘ಸೋಡಿಯಂ ಟ್ಯಾಲೋವೇಟ್’ ಎಂದಿದ್ದರೆ ಅದು ಪ್ರಾಣಿಯ ಕೊಬ್ಬಿನಿಂದ ಆದದ್ದು. ‘ಸೋಡಿಯಂ ಪಾಮೇಟ್’ ಎಂದರೆ ತಾಳೆ ಎಣ್ಣೆಯದು, ‘ಸೋಡಿಯಂ ಕೋಕೋಯೇಟ್’ ಎಂದರೆ ತೆಂಗಿನೆಣ್ಣೆಯದು. ಕೆಲವು ತಯಾರಕರು ಹಸಿರು ಚುಕ್ಕೆ ಹಾಕುತ್ತಾರೆ, ಅದನ್ನೂ ನೋಡಿರಿ. ‘ಟಿ.ಎಫ್.ಎಂ. 76’ ಎಂಬ ಅಂಕಿಯನ್ನು ನಂಬಿ ಶುದ್ಧ ಎಂದುಕೊಳ್ಳುವವರಿದ್ದಾರೆ. ಆ ಅಂಕಿ ಸಾಬೂನಿನಲ್ಲಿ ಕೊಬ್ಬಿನಾಂಶ ಎಷ್ಟಿದೆ ಎಂಬುದನ್ನು ಮಾತ್ರ ಹೇಳುತ್ತದೆ, ಅದು ಎಲ್ಲಿಂದ ಬಂತು ಎಂಬುದನ್ನು ಹೇಳುವುದಿಲ್ಲ.

ಅಂಟುವಾಳಕಾಯಿ

ಈ ಸಂಶಯಕ್ಕೆಲ್ಲ ಹಿರಿಯರು ಇಟ್ಟುಕೊಂಡಿದ್ದ ಉತ್ತರ ಅಂಟುವಾಳಕಾಯಿ. ಅಕ್ಕಲಕೋಟೆ, ಸೊಲ್ಲಾಪುರ, ಜತ್ತದ ಕಡೆ ಮನೆಯಲ್ಲಿ ಅಂಟುವಾಳ ಎಂದರೂ ಅಂಗಡಿಯಲ್ಲಿ ರಿಠಾ ಎಂದೇ ಕೇಳುತ್ತೇವೆ. ಇದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ಅಂಶವಿದೆ. ಅದೇ ನೀರಿನಲ್ಲಿ ನೊರೆ ಎಬ್ಬಿಸಿ ಜಿಡ್ಡನ್ನು ಬಿಡಿಸುತ್ತದೆ. ನಮ್ಮ ಭಾಗದ ಬೋರಿನ ಗಡುಸು ನೀರಿನಲ್ಲಿ ಸಾಬೂನು ಮೊಸರಿನಂತೆ ಒಡೆದು ಬಟ್ಟೆಗೆ ಬಿಳಿ ಕರಣೆ ಹತ್ತುತ್ತದೆ. ಅಂಟುವಾಳದ ನೀರು ಹಾಗೆ ಒಡೆಯುವುದಿಲ್ಲ.

ಕೊಳ್ಳುವಾಗ ಎರಡು ಮಾತು ನೆನಪಿಡಿರಿ. ದಕ್ಷಿಣದ ಕಾಯಿಗಳು ಸಾಮಾನ್ಯವಾಗಿ ಎರಡು ಮೂರು ಕೂಡಿಕೊಂಡಿರುತ್ತವೆ, ಉತ್ತರದಿಂದ ಬರುವುದು ಒಂಟಿ ದುಂಡುಕಾಯಿ. ಎರಡೂ ಕೆಲಸಕ್ಕೆ ಬರುತ್ತವೆ. ಎರಡನೆಯದಾಗಿ, ಇಡೀ ಕಾಯಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಬೀಜದ್ದೇ. ಆದ್ದರಿಂದ ಬೀಜ ತೆಗೆದ ಸಿಪ್ಪೆಯ ಬೆಲೆ ಹೆಚ್ಚೆಂದು ಗಾಬರಿಯಾಗದೆ ಲೆಕ್ಕ ಹಾಕಿ ನೋಡಿರಿ. ಪುಡಿ ಕೊಳ್ಳುವುದಕ್ಕಿಂತ ಕಾಯಿ ಕೊಳ್ಳುವುದು ಲೇಸು. ಪುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ತಿಳಿಯದು. ಕಾಯಿಯಲ್ಲಾದರೆ ಹುಳವಿದೆಯೇ ಎಂದು ಒಡೆದು ನೋಡಬಹುದು.

ಮಾಡುವ ರೀತಿ: 10–12 ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಪರೀಕ್ಷಿಸಿ, ಒಂದು ಲೀಟರ್ ಗಾಳಿಸಿದ ನೀರಿನಲ್ಲಿ ಹಾಕಿ 15–20 ನಿಮಿಷ ಕುದಿಸಿರಿ. ಆರಿದ ಮೇಲೆ ಕೈಯಿಂದ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿರಿ. ಒಂದು ಬಕೆಟ್ ಬಟ್ಟೆಗೆ ಒಂದು ಲೋಟ ಸಾಕು. ಅರ್ಧ ತಾಸು ನೆನೆಯಿಟ್ಟು ಒಗೆಯಿರಿ. ಬಟ್ಟೆ ಒಗೆಯುವ ಯಂತ್ರವಿದ್ದವರು ಐದಾರು ಸಿಪ್ಪೆಗಳನ್ನು ಸಣ್ಣ ಬಟ್ಟೆಯ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಟ್ಟೆಗಳ ಜೊತೆಗೆ ಹಾಕಬಹುದು; ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಬಿಡುತ್ತದೆ. ಸಾಬೂನಿನಷ್ಟು ನೊರೆ ಬರುವುದಿಲ್ಲ. ನೊರೆ ಕಾಣದಿದ್ದರೆ ಕೊಳೆ ಹೋಗಲಿಲ್ಲ ಎಂಬುದು ಜಾಹೀರಾತು ಕಲಿಸಿದ ಪಾಠ.

ಕೆಲವು ಎಚ್ಚರಿಕೆಗಳು: ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಕಾಯಿಯನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಕಷಾಯದ ಬಣ್ಣ ಕಂದು. ಪೂಜೆಯ ಬಿಳಿ ಧೋತರ, ದುಪಟ್ಟಗಳನ್ನು ಎರಡು ಮೂರು ಸಲ ಜಾಲಿಸಿ ಬಿಸಿಲಿಗೆ ಹರವಬೇಕು. ಬಿಸಿಲಿನಂಥ ಬಿಳುಪುಕಾರಕ ಇನ್ನೊಂದಿಲ್ಲ. ಉಣ್ಣೆಯ ಶಾಲುಗಳಿಗೆ ಅಂಟುವಾಳ ಬಹಳ ಒಳ್ಳೆಯದು. ರೇಷ್ಮೆಯನ್ನು ಅದರ ಹಿಂಸೆಯ ಕಾರಣಕ್ಕೆ ನಮ್ಮಲ್ಲಿ ಅನೇಕರು ಬಿಟ್ಟಿದ್ದಾರೆ. ಹಿರಿಯರಿಂದ ಬಂದ ಹಳೆಯ ಸೀರೆ ಪೆಟ್ಟಿಗೆಯಲ್ಲಿದ್ದರೆ ಅದಕ್ಕೂ ಇದೇ ತಕ್ಕದ್ದು.

ವಾಷಿಂಗ್ ಸೋಡಾ

ಅಂಗಡಿಯಲ್ಲಿ ದಿನವಿಡೀ ಎಣ್ಣೆ ಡಬ್ಬಿ ಮುಟ್ಟುವವರ ಅಂಗಿಯ ತೋಳಿಗೆ, ಅಡಿಗೆಮನೆಯ ಮಸಿಬಟ್ಟೆಗೆ ಅಂಟುವಾಳ ಒಂದೇ ಸಾಲದು. ಹಿಂದೆ ಚೌಳುಮಣ್ಣು ಮಾಡುತ್ತಿದ್ದ ಕೆಲಸವನ್ನು ಇಂದು ವಾಷಿಂಗ್ ಸೋಡಾ ಮಾಡುತ್ತದೆ. ಒಂದು ಬಕೆಟ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಹಾಕಿ, ಕರಗಿದ ಮೇಲೆ ಬಟ್ಟೆ ನೆನೆಯಿಡಿರಿ. ಗಡುಸು ನೀರಿನ ಸುಣ್ಣದಂಶ ಇದರಿಂದ ಕೆಳಗೆ ಕುಳಿತು ನೀರು ಮೆದುವಾಗುತ್ತದೆ, ಆಮೇಲೆ ಸಾಬೂನು ಹಾಕಿದರೂ ಕಡಿಮೆ ಸಾಕು. ಉಣ್ಣೆ, ರೇಷ್ಮೆ, ಅಲ್ಯೂಮಿನಿಯಂ ಪಾತ್ರೆಗಳಿಗೆ ಇದನ್ನು ತಾಗಿಸಬಾರದು. ಕೈ ಒಣಗಿ ಒಡೆಯುವವರು ಕೈಚೀಲ ಹಾಕಿಕೊಳ್ಳಬೇಕು.

ಹಿತ್ತಾಳೆ, ತಾಮ್ರ ಮತ್ತು ಜಿನಬಿಂಬ

ಮನೆಯ ಹಿತ್ತಾಳೆ, ತಾಮ್ರದ ಕೊಡ ತಂಬಿಗೆಗಳಿಗೆ ಹುಣಸೆಹಣ್ಣು, ಉಪ್ಪು ಸಾಕು. ಹುಣಸೆಯ ಹುಳಿ ಲೋಹದ ಮೇಲಿನ ಕಪ್ಪನ್ನು ಕರಗಿಸುತ್ತದೆ. ತಿಕ್ಕಿದ ಕೂಡಲೆ ನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಬೇಕು. ಹುಳಿ ಉಳಿದರೆ ಮರುದಿನವೇ ಹಸಿರು ಕಿಲುಬು ಹತ್ತುತ್ತದೆ. ಪಂಚಾಮೃತ ಅಭಿಷೇಕದ ಪಾತ್ರೆಗಳಲ್ಲಿ ತುಪ್ಪ ಹಾಲುಗಳ ಜಿಡ್ಡಿರುವುದರಿಂದ ಮೊದಲು ಬಿಸಿನೀರು, ಅಂಟುವಾಳ, ಆಮೇಲೆ ಹುಣಸೆ.

ಆದರೆ ಒಂದು ವಿನಂತಿ. ಪಾತ್ರೆಗೆ ಮಾಡಿದ್ದನ್ನು ಬಿಂಬಕ್ಕೆ ಮಾಡಬೇಡಿರಿ. ಹಬ್ಬ ಬಂತೆಂದು ಬಸದಿಯ ಲೋಹದ ಪ್ರತಿಮೆಗಳನ್ನು ಹುಣಸೆ, ಪುಡಿ ಹಾಕಿ ತಿಕ್ಕುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಹುಳಿ ಮೇಲಿನ ಕಪ್ಪಿನ ಜೊತೆಗೆ ಲೋಹವನ್ನೂ ತಿನ್ನುತ್ತದೆ, ಪುಡಿ ಸವೆಸುತ್ತದೆ. ವರ್ಷ ವರ್ಷ ಹೀಗಾದರೆ ಕಣ್ಣು, ಮೂಗು, ಲಾಂಛನ, ಪೀಠದ ಅಕ್ಷರಗಳು ಅಳಿಯುತ್ತವೆ. ಅಕ್ಷರ ಅಳಿದರೆ ಮಾಡಿಸಿದವರ ಹೆಸರೂ ಕಾಲವೂ ಹೋದಂತೆ. ಪ್ರಾಸುಕ ನೀರು, ಮೆತ್ತನೆಯ ಬಟ್ಟೆ, ಇಷ್ಟೇ ಇರಲಿ.

ನೆಲ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಶಹಾಬಾದ್ ಫರಸಿ ಹೆಚ್ಚು. ಅದು ಸುಣ್ಣಕಲ್ಲು, ಅಮೃತಶಿಲೆಯೂ ಅದೇ ಜಾತಿಯದು. ನಿಂಬೆ, ಹುಣಸೆ, ಸಿರ್ಕಾ ಯಾವ ಹುಳಿ ಬಿದ್ದರೂ ಹೊಳಪು ಹೋಗಿ ಗುರುತು ಉಳಿಯುತ್ತದೆ. ನಿಂಬೆನೀರಿನಿಂದ ನೆಲ ಒರೆಸಿರಿ ಎಂಬ ಉಪದೇಶವನ್ನು ಇಂಥ ಮನೆಗಳಲ್ಲಿ ಪಾಲಿಸಬಾರದು. ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಅಂಟುವಾಳದ ನೀರು ಸಾಕು. ಒರೆಸುವ ಮೊದಲು ಮೆತ್ತನೆಯ ಕಸಬರಿಗೆಯಿಂದ ಮೆಲ್ಲಗೆ ಗುಡಿಸಿ ಇರುವೆ ಮೊದಲಾದ ಜೀವಗಳನ್ನು ಪಕ್ಕಕ್ಕೆ ಸರಿಸಿರಿ. ಊಟವಾದ ಕೂಡಲೆ ಅಗುಳು, ಸಕ್ಕರೆ ತೆಗೆದುಬಿಟ್ಟರೆ ಇರುವೆ ಬರುವುದೇ ಕಡಿಮೆ. ಬಂದ ಮೇಲೆ ಕೊಲ್ಲುವ ಔಷಧ ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದೇ ನಮ್ಮ ಮಾರ್ಗ. ಬಟ್ಟೆಯ ಪೆಟ್ಟಿಗೆಯಲ್ಲಿಯೂ ನುಸಿಗುಳಿಗೆಯ ಬದಲು ಒಣಗಿದ ಬೇವಿನೆಲೆ, ಲವಂಗ ಇಡಬಹುದು.

ಕೊಳೆಯಿಸಿ ಮಾಡುವ ದ್ರವ ಬೇಕೆ?

ಈಗ ಅನೇಕ ಮನೆಗಳಲ್ಲಿ ಹೊಸದೊಂದು ಬಂದಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಮೋಸಂಬಿ ಸಿಪ್ಪೆ, ಹತ್ತು ಪಾಲು ನೀರು ಬಾಟಲಿಯಲ್ಲಿ ಹಾಕಿ ಮೂರು ತಿಂಗಳು ಇಡುವುದು. ಅದಕ್ಕೆ ಬಯೋ ಎಂಜೈಮ್ ಎಂದು ಹೆಸರು. ಓದಿದ ಸೊಸೆಯಂದಿರು, ಮೊಮ್ಮಕ್ಕಳು ಆಸಕ್ತಿಯಿಂದ ಮಾಡುತ್ತಾರೆ. ಸಿಪ್ಪೆ ತಿಪ್ಪೆಗೆ ಹೋಗುವುದಿಲ್ಲ, ಖರ್ಚಿಲ್ಲ ಎಂಬ ಅವರ ಮಾತಿನಲ್ಲಿ ಅರ್ಥವಿದೆ. “ಬಾಯಿಗೆ ಹಾಕಿಕೊಳ್ಳುವುದಲ್ಲವಲ್ಲ, ಮಾವನವರೇ” ಎಂದು ಕೇಳಿದರೆ ಸುಮ್ಮನಾಗುವವರೇ ಹೆಚ್ಚು.

ಆದರೆ ವಿಚಾರ ಮಾಡಿರಿ. ಆ ಬಾಟಲಿಯ ಮುಚ್ಚಳವನ್ನು ದಿನವೂ ಸಡಿಲಿಸದಿದ್ದರೆ ಸಿಡಿಯುತ್ತದೆ. ಯಾಕೆ? ಒಳಗೆ ಸೂಕ್ಷ್ಮ ಜೀವಗಳು ಬೆಲ್ಲ ತಿಂದು ಬೆಳೆದು ಗಾಳಿ ಬಿಡುತ್ತಿರುತ್ತವೆ. ನಾವೇ ಅವುಗಳನ್ನು ಹುಟ್ಟಿಸಿ, ಬೆಳೆಸಿ, ಕೊನೆಗೆ ನೆಲಕ್ಕೆ ಹಾಕಿ ಒರೆಸಿದಂತೆ. ಗಾಳಿಸಿದ ನೀರಿಗೆ 48 ನಿಮಿಷದ, ಕುದಿಸಿದ ನೀರಿಗೆ 24 ತಾಸಿನ ಮರ್ಯಾದೆ ಹೇಳಿರುವ ಧರ್ಮದಲ್ಲಿ ಮೂರು ತಿಂಗಳು ಕೊಳೆಯಿಸುವುದು ಹೊಂದದು. ಇಲ್ಲಿ ಪ್ರಶ್ನೆ ತಿನ್ನುವುದರದಲ್ಲ, ಜೀವೋತ್ಪತ್ತಿಯದು. ಅದೇ ಸಿಪ್ಪೆಯನ್ನು ಬಿಸಿಲಲ್ಲಿ ಕಟಕಟನೆ ಒಣಗಿಸಿ ಪುಡಿಮಾಡಿ, ಅಂಟುವಾಳದ ಪುಡಿಯ ಜೊತೆ ಬೆರೆಸಿ ಸ್ಟೀಲು ಪಾತ್ರೆ ತಿಕ್ಕಿರಿ. ಸಿಪ್ಪೆಯೂ ಹಾಳಾಗದು, ವ್ರತವೂ ಕೆಡದು. ಇದೇ ಕಾರಣಕ್ಕೆ ಅಂಟುವಾಳದ ಕಷಾಯವನ್ನೂ ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳಬೇಕು.

ನೈಸರ್ಗಿಕ ಎಂದರೆಲ್ಲ ನಿರಪಾಯವಲ್ಲ

ಇದು ಎಲ್ಲಕ್ಕಿಂತ ಮುಖ್ಯ ಮಾತು. ಅಂಟುವಾಳ ನಮ್ಮ ಚರ್ಮಕ್ಕೆ ಸೌಮ್ಯ, ಆದರೆ ಮೀನಿಗೆ ವಿಷ. ಅದರ ಸಪೋನಿನ್ ಮೀನಿನ ಕಿವಿರುಗಳಿಗೆ ತಾಗಿ ಉಸಿರು ಕಟ್ಟಿಸುತ್ತದೆ. ಸಪೋನಿನ್ ಇರುವ ಕಾಯಿ, ಬೇರುಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ಕಡೆ ಇತ್ತು. ಗಾಳಣೆಯ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವ ನಾವು, ಒಗೆದ ನೀರನ್ನು ಅದೇ ಬಾವಿಗೆ, ಕೆರೆಗೆ, ಹಳ್ಳಕ್ಕೆ ಬಿಟ್ಟರೆ ಏನು ಮಾಡಿದಂತಾಯಿತು? ಆದ್ದರಿಂದ ಕೆರೆ ಬಾವಿಗಳ ದಂಡೆಯಲ್ಲಿ ಒಗೆಯಬಾರದು. ಒಗೆದ ನೀರನ್ನು ಇರುವೆಯ ಗೂಡು, ಹುಲ್ಲು ಇಲ್ಲದ ಒಣ ನೆಲದಲ್ಲಿ ಹರಡಿ ಚೆಲ್ಲಬೇಕು. ಬಿಸಿನೀರನ್ನು ಆರಿಸದೆ ಚೆಲ್ಲಲೇಬಾರದು.

ಮನೆಯ ಸಾಬೂನು

ತೆಂಗಿನೆಣ್ಣೆಯ ಸಾಬೂನನ್ನು ಮನೆಯಲ್ಲಿಯೇ ಮಾಡಬಹುದು. ತಕ್ಕಡಿಯ ಕೆಲಸ ನಮಗೆ ಹೊಸದಲ್ಲ. ಇಲ್ಲಿ ಅಳತೆಯಲ್ಲಿ ಅಲ್ಲ, ತೂಕದಲ್ಲಿಯೇ ತೆಗೆದುಕೊಳ್ಳಬೇಕು. ತೆಂಗಿನೆಣ್ಣೆ 500 ಗ್ರಾಂ, ಕಾಸ್ಟಿಕ್ ಸೋಡಾ 85 ಗ್ರಾಂ, ನೀರು 170 ಗ್ರಾಂ. ಬೇರೆ ಎಣ್ಣೆಗೆ ಈ ಲೆಕ್ಕ ನಡೆಯದು. ಬಯಲಲ್ಲಿ ನಿಂತು, ಕನ್ನಡಕ, ಕೈಚೀಲ ಹಾಕಿಕೊಂಡು, ಸ್ಟೀಲು ಪಾತ್ರೆಯ ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು. ನೀರು ಬಹಳ ಕಾಯುತ್ತದೆ; ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಸಣ್ಣ ಧಾರೆಯಾಗಿ ಹಾಕುತ್ತ, ದೋಸೆಹಿಟ್ಟಿನಷ್ಟು ಗಟ್ಟಿಯಾಗುವವರೆಗೆ ತಿರುವಿ, ಅಚ್ಚಿಗೆ ಹೊಯ್ದು, ಜೀವ ಬೀಳದಂತೆ ಬಟ್ಟೆ ಮುಚ್ಚಿಡಿರಿ. ಗಟ್ಟಿಯಾದ ಮೇಲೆ ಕತ್ತರಿಸಿ ನಾಲ್ಕು ವಾರ ಗಾಳಿಗೆ ಆರಲು ಬಿಟ್ಟು ಬಳಸಬೇಕು. ಮಕ್ಕಳು ಹತ್ತಿರ ಇರಕೂಡದು. ಮೈಗೆ ತಾಗಿದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯರಲ್ಲಿಗೆ ಹೋಗಬೇಕು.

ಇನ್ನೆರಡು ಎಚ್ಚರಿಕೆ. ಅಡಿಗೆ ಸೋಡಾಕ್ಕೆ ನಿಂಬೆರಸ ಹಿಂಡಿದರೆ ಬುಸ್ಸೆಂದು ಉಕ್ಕುತ್ತದೆ, ಆದರೆ ಹುಳಿ ಕ್ಷಾರಗಳು ಒಂದನ್ನೊಂದು ಕೊಂದುಕೊಳ್ಳುವುದರಿಂದ ಎರಡರ ಗುಣವೂ ಹೋಗುತ್ತದೆ. ಬ್ಲೀಚಿಂಗ್ ಪುಡಿಗಂತೂ ಯಾವ ಹುಳಿಯನ್ನೂ ಬೆರೆಸಬಾರದು. ಅದರಿಂದ ಏಳುವ ಕ್ಲೋರಿನ್ ಗಾಳಿ ಪ್ರಾಣಕ್ಕೆ ಅಪಾಯ. ಮನೆಯಲ್ಲಿ ವಾಂತಿ, ಭೇದಿ, ಅಂಟುರೋಗ ಇದ್ದಾಗ ಅಂಟುವಾಳವನ್ನೇ ನಂಬಿ ಕೂಡಬಾರದು. ರೋಗಿಯ ಬಟ್ಟೆಯನ್ನು ಕುದಿಸಬೇಕು, ವೈದ್ಯರು ಹೇಳಿದಂತೆ ನಡೆಯಬೇಕು.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಇದನ್ನೆಲ್ಲ ಓದಿ ಮನೆಯ ಹೆಣ್ಣುಮಕ್ಕಳಿಗೆ ಹುಕುಂ ಮಾಡಿ ಅಂಗಡಿಗೆ ಹೋಗಿಬಿಟ್ಟರೆ ಅದು ಅಹಿಂಸೆಯಲ್ಲ, ಅವರ ಮೇಲೆ ಹೊಸ ಭಾರ. ಅಂಗಡಿ ಬಂದಿರುವ ದಿನ ಒಂದು ತಾಸು ಕುಳಿತು ಮೊಮ್ಮಕ್ಕಳೊಡನೆ ವಾರಕ್ಕೆ ಬೇಕಾಗುವ ಅಂಟುವಾಳ ಒಡೆದು ಸಿಪ್ಪೆ ಒಣಗಿಸಿ ಡಬ್ಬಿ ತುಂಬಿಡಿರಿ. ಯಾವ ಸಾಮಾನು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಇಡುವುದು ನಮ್ಮ ಕುಲದ ಕಸುಬು. ಬಚ್ಚಲಿನ ನೀರಿಗೂ ಆ ಖಾತೆ ತೆಗೆಯೋಣ.