ಟಯರ್ ದೊಡ್ಡದಾಯ್ತು, ರಬ್ಬರ್ ಸಣ್ಣದಾಯ್ತು

ಹಾಸ್ಟೆಲ್‌ನಲ್ಲಿ ಕಾರಿನ ಮಾತು ಶುರುವಾದರೆ ಎರಡೇ ನಿಮಿಷಕ್ಕೆ ಟಯರ್‌ಗೆ ಬಂದು ನಿಲ್ಲುತ್ತದೆ. "ದೊಡ್ಡ ಅಲಾಯ್ ಹಾಕಿಸು, ಅಗಲ ಟಯರ್ ಹಾಕಿಸು, ಸ್ಪೋರ್ಟ್ಸ್ ಕಾರ್ ಥರ ಕಾಣತ್ತೆ" ಅನ್ನೋದು ಎಲ್ಲರ ಸಲಹೆ. ಇದನ್ನು ಬರೆಯುತ್ತಿರುವ ನಾವು ಮೂವರೂ ಮೆಕ್ಯಾನಿಕಲ್‌ನವರು. ಒಬ್ಬ ಶಿರಸಿಯವ, ಒಬ್ಬಳು ಸಿದ್ದಾಪುರದವಳು, ಇನ್ನೊಬ್ಬ ಯಲ್ಲಾಪುರದವ. ಕರಾವಳಿಗೆ ಇಳಿಯಬೇಕೆಂದರೆ ನಮಗೆ ಘಟ್ಟ ತಪ್ಪಿದ್ದಲ್ಲ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಸಿದ್ದಾಪುರದಿಂದ ದೊಡ್ಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲ್ ಘಟ್ಟ. ಹಾಗಾಗಿ ಈ ಸಲಹೆಯ ಬಗ್ಗೆ ನಮಗೆ ಸ್ವಲ್ಪ ತಕರಾರಿದೆ.

ತಕರಾರು ಹುಟ್ಟಿದ್ದು ಹೋದ ಆಷಾಢದಲ್ಲಿ. ಯಲ್ಲಾಪುರದ ಗೆಳೆಯನ ಅಣ್ಣ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡು, ಅದಕ್ಕಿದ್ದ 185/65 ಆರ್15 ಟಯರ್ ತೆಗೆಸಿ, 17 ಇಂಚಿನ ರಿಮ್ ಮೇಲೆ 205/45 ಹಾಕಿಸಿದ್ದ. ಕಾರು ಭಾರೀ ಚಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಅರಬೈಲ್ ಇಳಿಯುವಾಗ ನೀರು ತುಂಬಿದ ಹೊಂಡ ಕಾಣಲೇ ಇಲ್ಲ. ಧಡ್ ಅಂತ ಸದ್ದು, ಮುಂದಿನ ಟಯರ್‌ನ ಗಾಳಿ ಪೂರ್ತಿ ಹೋಯ್ತು, ಸ್ಟೇರಿಂಗ್ ಒಂದು ಕಡೆಗೆ ಎಳೆಯಿತು. ಎದುರಿಗೆ ಲಾರಿ ಹತ್ತಿ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಆಯಿ ಕೂತಿದ್ದರು. ಕಾರು ಹೇಗೋ ಅಂಚಿಗೆ ನಿಂತಿತು. ಹಳೇ ಸ್ಟೆಪ್ನಿ ಹಾಕಿಕೊಂಡು ನಿಧಾನಕ್ಕೆ ಅಂಕೋಲಾ ಸೇರಿದಾಗ ಪಂಕ್ಚರ್ ಅಂಗಡಿಯವರು ಸೊಟ್ಟಗಾದ ರಿಮ್ ನೋಡಿ ಹೇಳಿದ್ದಿಷ್ಟು: "ತಮಾ, ನೀನು ಟಯರ್ ದೊಡ್ಡದು ಮಾಡಿದ್ದಲ್ಲ, ರಬ್ಬರ್ ಸಣ್ಣದು ಮಾಡಿದ್ದು."

ನಾಲ್ಕು ವರ್ಷದ ಸಿಲಬಸ್ ಒಂದು ವಾಕ್ಯದಲ್ಲಿ ಬಂತು. ಅದನ್ನೇ ಈಗ ಲೆಕ್ಕ ಹಾಕಿ ನೋಡೋಣ.

ಟಯರ್ ಮೇಲಿನ ಜಾತಕ

185/65 ಆರ್15 88ಎಚ್ ಅಂದರೆ ಏನು? 185 ಎಂಬುದು ಟಯರ್‌ನ ಅಗಲ, ಮಿಲಿಮೀಟರ್‌ನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 65. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. 88 ಎಂಬುದು ಭಾರದ ಸೂಚ್ಯಂಕ: ಒಂದು ಟಯರ್ 560 ಕೆ.ಜಿ. ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳಿಕೆ.

ಈಗ ಲೆಕ್ಕ. ಪಕ್ಕದ ಗೋಡೆ 185 × 0.65 = 120 ಮಿ.ಮೀ. ರಿಮ್ 381 ಮಿ.ಮೀ. ಒಟ್ಟು ವ್ಯಾಸ ಸುಮಾರು 621 ಮಿ.ಮೀ. ಅಣ್ಣನ 205/45 ಆರ್17 ತಗೊಳ್ಳಿ: ಗೋಡೆ ಬರೀ 92 ಮಿ.ಮೀ., ಒಟ್ಟು ವ್ಯಾಸ 616. ಹೊರಗಿನ ವ್ಯಾಸ ಹೆಚ್ಚುಕಮ್ಮಿ ಅಷ್ಟೇ ಇತ್ತು, ಅದಕ್ಕೇ ಹಳೇ ಸ್ಟೆಪ್ನಿ ಆ ದಿನ ಕೈ ಹಿಡಿಯಿತು. ಆದರೆ ಹೊಂಡಕ್ಕೂ ರಿಮ್‌ಗೂ ನಡುವೆ ಮೆತ್ತೆಯ ಹಾಗೆ ಇರಬೇಕಾದ ಗೋಡೆಯಲ್ಲಿ 28 ಮಿ.ಮೀ. ಮಾಯವಾಗಿತ್ತು. ಸ್ಪ್ರಿಂಗ್ ಗಿಡ್ಡವಾದರೆ ಪೆಟ್ಟು ನೇರ ಲೋಹಕ್ಕೆ. ಅಂಗಡಿಯವರು ಹೇಳಿದ್ದು ಇದನ್ನೇ.

ವ್ಯಾಸ ಬದಲಾದರೆ ಬೇರೆ ತೊಂದರೆ. ಅದೇ 15 ಇಂಚಿನ ರಿಮ್‌ಗೆ 205/65 ಹಾಕಿದರೆ ವ್ಯಾಸ 647 ಆಗುತ್ತದೆ, ಅಂದರೆ ಶೇಕಡಾ 4ರಷ್ಟು ಹೆಚ್ಚು. ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಕಾರು ಜೋರಾಗಿ ಓಡುತ್ತಿರುತ್ತದೆ, ಘಟ್ಟ ಹತ್ತುವಾಗ ಎಂಜಿನ್ ಎಳೆಯುವುದಕ್ಕೆ ಒದ್ದಾಡುತ್ತದೆ. ಅದಕ್ಕೇ ವ್ಯಾಸದ ವ್ಯತ್ಯಾಸ ಶೇಕಡಾ 3ರೊಳಗೆ ಇರಲಿ ಎಂಬ ರೂಢಿ.

ಅಗಲ ಜಾಸ್ತಿಯಾದರೆ ಹಿಡಿತ ಜಾಸ್ತಿಯಾ?

ಒಣ ರಸ್ತೆಯಲ್ಲಿ ಸ್ವಲ್ಪ ಹೌದು. ಘರ್ಷಣೆಗೂ ಕ್ಷೇತ್ರಫಲಕ್ಕೂ ಸಂಬಂಧವಿಲ್ಲ ಎಂದು ಪಿಯುಸಿಯಲ್ಲಿ ಓದಿದ್ದು ರಬ್ಬರ್‌ಗೆ ಪೂರ್ತಿ ಒಪ್ಪುವುದಿಲ್ಲ. ಒತ್ತಡ ಹಂಚಿಹೋದಷ್ಟೂ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಒಂದು ಚಕ್ರದ ಮೇಲೆ 300 ಕೆ.ಜಿ. ಭಾರ, ಒಳಗೆ 33 ಪಿಎಸ್‌ಐ ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 130 ಚದರ ಸೆಂ.ಮೀ., ಹೆಚ್ಚುಕಮ್ಮಿ ಒಂದು ಅಂಗೈ. ಅದೇ ಗಾಳಿಯಲ್ಲಿ ಟಯರ್ ಅಗಲ ಮಾಡಿದರೆ ಈ ಅಂಗೈ ಬಹಳ ದೊಡ್ಡದಾಗುವುದಿಲ್ಲ, ಆಕಾರ ಬದಲಾಗುತ್ತದೆ: ಅಡ್ಡ ಅಗಲ, ಉದ್ದ ಗಿಡ್ಡ.

ಒಣ ತಿರುವಿನಲ್ಲಿ ಈ ಆಕಾರ ಒಳ್ಳೆಯದು. ನೀರಿನಲ್ಲಿ ಅಲ್ಲ. ಅಗಲ ಟಯರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಅದಕ್ಕೆ ಸಿಗುವ ಸಮಯ ಕಡಿಮೆ. ತಳ್ಳಲಾಗದಿದ್ದರೆ ಟಯರ್ ನೀರಿನ ಮೇಲೆ ತೇಲುತ್ತದೆ; ಆಗ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ನಾಸಾ ಸಂಶೋಧಕರು 1963ರಲ್ಲಿ ವಿಮಾನದ ಟಯರ್‌ಗಳಿಗೆಂದು ಕೊಟ್ಟ ಸೂತ್ರ ಸರಳ: ತೇಲುವ ವೇಗ ಗಂಟೆಗೆ ಸುಮಾರು 16.7 × √ಪಿಎಸ್‌ಐ ಕಿ.ಮೀ. 33 ಪಿಎಸ್‌ಐಗೆ 96 ಕಿ.ಮೀ., ಗಾಳಿ 25ಕ್ಕೆ ಇಳಿದರೆ 83 ಕಿ.ಮೀ. ಕಾರಿಗೆ ಇದು ಅಂದಾಜು ಮಾತ್ರ. ಅಗಲದ, ಸವೆದ ಟಯರ್ ಇನ್ನೂ ಬೇಗ ತೇಲಬಹುದು. ಘಟ್ಟದ ತಿರುವಿನಲ್ಲಿ ಅಷ್ಟು ವೇಗ ಯಾರೂ ಹೋಗುವುದಿಲ್ಲ, ಅಲ್ಲಿಯ ಶತ್ರುಗಳು ಹೊಂಡ, ಕೆಸರು, ಕೊಳೆತ ದರಕು. ತೇಲುವ ಅಪಾಯ ಇರುವುದು ಘಟ್ಟ ಮುಗಿದ ಮೇಲೆ, "ಅಬ್ಬಾ, ನೇರ ರಸ್ತೆ ಬಂತು" ಅಂತ ಕಾಲು ಒತ್ತುವ ಕಡೆ.

ನಿಜವಾದ ಸ್ಪೋರ್ಟ್ಸ್ ಕಾರುಗಳು ಏನು ಹಾಕುತ್ತವೆ?

ಪೋರ್ಷೆ 911 ಕರೆರಾದಲ್ಲಿ ಮುಂದೆ 235, ಹಿಂದೆ 295 ಅಗಲ. ಎಂಜಿನ್ ಹಿಂದಿದೆ, ಭಾರ ಹಿಂದಿದೆ, ಶಕ್ತಿಯೂ ಹಿಂದಿನ ಚಕ್ರಕ್ಕೇ ಹೋಗುತ್ತದೆ, ಅಗಲಕ್ಕೆ ಕಾರಣವಿದೆ. ಮುಂದಿನ ಚಕ್ರ ಎಳೆಯುವ ನಮ್ಮ ಹ್ಯಾಚ್‌ಬ್ಯಾಕ್‌ಗೆ ಆ ಕಾರಣ ಇಲ್ಲ. ಇನ್ನೊಂದು ಕಡೆ ಟೊಯೋಟಾ ಜಿಟಿ86 ನೋಡಿ: ಅಪ್ಪಟ ಸ್ಪೋರ್ಟ್ಸ್ ಕಾರು, ಆದರೆ ಕಂಪನಿಯಿಂದಲೇ ಬಂದದ್ದು 215/45 ಆರ್17, ಮೈಲೇಜ್‌ಗೆ ಹೆಸರಾದ ಪ್ರಿಯಸ್‌ಗೂ ಸಿಗುತ್ತಿದ್ದ ಟಯರ್. ಹಗುರ ಕಾರಿಗೆ ವಿಪರೀತ ಹಿಡಿತಕ್ಕಿಂತ ಚಾಲಕನಿಗೆ ತಿಳಿಯುವಂಥ ಹಿಡಿತ ಮುಖ್ಯ ಎಂಬುದು ಅವರ ಲೆಕ್ಕ. ಅಂದರೆ ಸ್ಪೋರ್ಟ್ಸ್ ಕಾರಿನ ಟಯರ್ ಎಂದರೆ ಅಗಲದ ಟಯರ್ ಅಲ್ಲ, ಆ ಕಾರಿಗೆ ಸರಿಯಾದ ಟಯರ್.

ಹಾಗಾದರೆ ನಾವು ಏನು ಮಾಡೋದು?

ಮೊದಲು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ಓದಿ. ಅಳತೆ, ಗಾಳಿ ಎರಡೂ ಅಲ್ಲಿರುತ್ತವೆ. ಬದಲಾಯಿಸಲೇಬೇಕು ಅನ್ನಿಸಿದರೆ ಒಂದೇ ಮೆಟ್ಟಿಲು ಹತ್ತಿ. 185/65 ಆರ್15 ಇದ್ದ ಕಡೆ 195/55 ಆರ್16 ಹಾಕಿದರೆ ವ್ಯಾಸ ಅದೇ 621, ಗೋಡೆ 107 ಉಳಿಯುತ್ತದೆ. ಭಾರದ ಸೂಚ್ಯಂಕ ಮಾತ್ರ ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಇಳಿಯಬಾರದು.

ಹಣ ಕಡಿಮೆ ಇದ್ದರೆ ರಿಮ್ ಬಿಡಿ, ಹಳೇ ಅಳತೆಯಲ್ಲೇ ಒದ್ದೆ ರಸ್ತೆಗೆ ಹೆಸರಾದ ಒಳ್ಳೆ ಟಯರ್ ಹಾಕಿಸಿ. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ: 2224 ಎಂದಿದ್ದರೆ 2024ರ 22ನೇ ವಾರದಲ್ಲಿ ತಯಾರಾದದ್ದು. ಗೀರಿನ ಆಳ 1.6 ಮಿ.ಮೀ.ಗೆ ಬಂದರೆ ಟಯರ್ ಕಥೆ ಮುಗಿಯಿತು; ನಮ್ಮ ಮಳೆಗೆ 3 ಮಿ.ಮೀ. ಇರುವಾಗಲೇ ಬದಲಾಯಿಸುವುದು ಜಾಣತನ. ಎರಡೇ ಹೊಸ ಟಯರ್ ತಂದರೆ ಹಿಂದಕ್ಕೆ ಹಾಕಿಸಿ. ಮುಂದಿನದು ಜಾರಿದರೆ ಕಾಲು ತೆಗೆದು ಸುಧಾರಿಸಬಹುದು, ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತದೆ.

ಅಣ್ಣ ಈಗ ಮತ್ತೆ 15 ಇಂಚಿಗೆ ಬಂದಿದ್ದಾನೆ. ಸೊಟ್ಟ ರಿಮ್ ಅಡಿಕೆ ಅಟ್ಟದ ಮೇಲಿದೆ. ಕಾರು ಮೊದಲಿನಷ್ಟು ಚಂದ ಕಾಣುವುದಿಲ್ಲ ಎಂದು ಅವನಿಗೆ ಬೇಜಾರಿದೆ. ಆಯಿಗೆ ಇಲ್ಲ.